ಕರೆಂಟು ಬಿಲ್ಲು ಕಟ್ಟುವವರನ್ನೂ ಕೇಳಿ: ಕಾಸರಗೋಡಿನ ವಿಜ್ಞಾನ ಸಂಘಗಳಿಗೆ ಬಹಿರಂಗ ಪತ್ರ

ಇವರಿಗೆ,
ಕಾಸರಗೋಡು ಜಿಲ್ಲೆಯ ಕಾಲೇಜು ಮತ್ತು ಹೈಯರ್ ಸೆಕೆಂಡರಿ ಶಾಲೆಗಳ ಪ್ರಾಂಶುಪಾಲರು, ಕಂಪ್ಯೂಟರ್ ವಿಭಾಗಗಳ ಮುಖ್ಯಸ್ಥರು ಹಾಗೂ ವಿಜ್ಞಾನ ಸಂಘಗಳ ಸಂಚಾಲಕರು

ವಿಷಯ: ಸಂಶೋಧನೆಗೆ ಮನೆಯ ಕಂಪ್ಯೂಟರ್ ಜೋಡಿಸುವ ಅಭಿಯಾನದಲ್ಲಿ ಆಗುತ್ತಿರುವ ತಪ್ಪುಗಳು

ಮಾನ್ಯರೇ,

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕೆಲವು ವಿದ್ಯಾಸಂಸ್ಥೆಗಳಲ್ಲಿ ಈಚೆಗೆ ಒಂದು ಅಭಿಯಾನ ನಡೆಯುತ್ತಿದೆ. ವಿದ್ಯಾರ್ಥಿಗಳು ಮನೆಯ ಕಂಪ್ಯೂಟರಿಗೆ ಬೋಯಿಂಕ್ ಎಂಬ ತಂತ್ರಾಂಶ ಹಾಕಿಕೊಳ್ಳಬೇಕು, ಅದರ ಮೂಲಕ ಹೊರದೇಶದ ಸಂಶೋಧನಾ ಯೋಜನೆಗಳಿಗೆ ಲೆಕ್ಕ ಮಾಡಿಕೊಡಬೇಕು, ಮಾಡಿದ ಲೆಕ್ಕಕ್ಕೆ ಬದಲಾಗಿ ತಂತ್ರಾಂಶ ತೋರಿಸುವ ‘ಕ್ರೆಡಿಟ್’ ಎಂಬ ಎಣಿಕೆಯ ಸ್ಕ್ರೀನ್‌ಶಾಟ್ ತೆಗೆದು ಸಂಘಕ್ಕೆ ಒಪ್ಪಿಸಬೇಕು. ಅದನ್ನು ನೋಡಿ ಚಟುವಟಿಕೆಯ ಅಂಕ ಕೊಡುತ್ತಾರೆ. ಗೋಡೆಗೆ ಹಚ್ಚಿದ ಪೋಸ್ಟರಿನಲ್ಲಿ ‘ನಿಮ್ಮ ಕಂಪ್ಯೂಟರ್ ಸುಮ್ಮನೆ ಕೂತಿರುವಾಗ ವಿಜ್ಞಾನಕ್ಕೆ ದುಡಿಯಲಿ, ನಿಮಗೆ ಕಾಸಿನ ಖರ್ಚಿಲ್ಲ’ ಎಂದು ಬರೆದಿದೆ. ಮೊದಲ ಅರ್ಧವನ್ನು ನಾವು ಒಪ್ಪುತ್ತೇವೆ. ಎರಡನೆಯ ಅರ್ಧ ಸುಳ್ಳು. ಈ ಪತ್ರ ಬರೆಯಬೇಕಾಗಿ ಬಂದದ್ದು ಆ ಎರಡನೆಯ ಅರ್ಧದಿಂದ.

ನಾವು ಈ ಕೆಲಸದ ವಿರೋಧಿಗಳಲ್ಲ. ನಮ್ಮ ಮನೆಗಳಲ್ಲೂ ಇದೇ ತಂತ್ರಾಂಶ ಓಡುತ್ತದೆ, ಮುಂದೆಯೂ ಓಡುತ್ತದೆ. ಯಾವ ಸಂಸ್ಥೆಯ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ. ನಡೆದದ್ದನ್ನು ಓದಿದರೆ ಸಂಬಂಧಪಟ್ಟವರಿಗೆ ತಿಳಿಯುತ್ತದೆ, ಉಳಿದವರು ಅದೇ ದಾರಿ ಹಿಡಿಯದಿದ್ದರೆ ಸಾಕು.

ಈ ದಾನಕ್ಕೆ ಬೆಲೆಯಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಐನ್‌ಸ್ಟೈನ್ ಅಟ್ ಹೋಮ್ ಯೋಜನೆ 2005ರಲ್ಲಿ ಶುರುವಾಯಿತು. ಗುರುತ್ವ ಅಲೆಗಳನ್ನು ಹಿಡಿಯುವ ಲೈಗೋ ಉಪಕರಣಗಳ ಮಾಹಿತಿಯನ್ನೂ ರೇಡಿಯೋ ದೂರದರ್ಶಕಗಳ ಮಾಹಿತಿಯನ್ನೂ ತುಂಡು ತುಂಡು ಮಾಡಿ ಮನೆಗಳಿಗೆ ಹಂಚುತ್ತದೆ. 2010ರಲ್ಲಿ ಅರೆಸಿಬೋ ದೂರದರ್ಶಕದ ಹಳೆಯ ದಾಖಲೆಯೊಳಗಿಂದ ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಒಂದು ಪಲ್ಸಾರ್, ಅಂದರೆ ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರ, ಸಿಕ್ಕಿತು. ಅದನ್ನು ಹಿಡಿದದ್ದು ಅಮೆರಿಕದ ಅಯೋವಾ ರಾಜ್ಯದ ಒಂದು ಮನೆಯ ಕಂಪ್ಯೂಟರ್ ಮತ್ತು ಜರ್ಮನಿಯ ಮೈಂಟ್ಸ್ ನಗರದ ಇನ್ನೊಂದು ಕಂಪ್ಯೂಟರ್. 2020ರ ಕೋವಿಡ್ ಕಾಲದಲ್ಲಿ, ಪ್ರೋಟೀನುಗಳು ಮಡಚಿಕೊಳ್ಳುವ ಬಗೆಯನ್ನು ಲೆಕ್ಕ ಹಾಕುವ ಫೋಲ್ಡಿಂಗ್ ಅಟ್ ಹೋಮ್‌ಗೆ ಜನ ಎಷ್ಟು ನುಗ್ಗಿದರೆಂದರೆ ಅದರ ಒಟ್ಟು ವೇಗ ಒಂದು ಎಕ್ಸಾಫ್ಲಾಪ್ ದಾಟಿತು, ಅಂದರೆ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಗಳಷ್ಟು ಲೆಕ್ಕ. ಆಗ ಜಗತ್ತಿನ ಯಾವ ಸೂಪರ್ ಕಂಪ್ಯೂಟರಿಗೂ ಅಷ್ಟು ಬಲವಿರಲಿಲ್ಲ. ನಮ್ಮ ದೇಶದ ಲೈಗೋ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಗೆ ಬರಲಿದೆ. ಹಾಗಿರುವಾಗ ಪೆರ್ಲದ ಹುಡುಗಿಯೊಬ್ಬಳು ಲೈಗೋ ಮಾಹಿತಿಯ ಒಂದು ತುಂಡನ್ನು ತನ್ನ ಮನೆಯಲ್ಲಿ ಜಾಲಾಡಿದರೆ ಅದು ಸಣ್ಣ ಸಂಗತಿಯಲ್ಲ. ಇಷ್ಟು ಒಳ್ಳೆಯದನ್ನು ಸುಳ್ಳು ಹೇಳಿ ಹಂಚಬೇಕೇ ಎಂಬುದೇ ನಮ್ಮ ಪ್ರಶ್ನೆ.

ಖರ್ಚಿನ ಲೆಕ್ಕ ಹೀಗಿದೆ. ಸುಮ್ಮನಿರುವ ಡೆಸ್ಕ್‌ಟಾಪ್ ಸುಮಾರು 40ರಿಂದ 50 ವ್ಯಾಟ್ ಎಳೆಯುತ್ತದೆ. ಅದೇ ಯಂತ್ರದ ಎಲ್ಲ ಕೋರ್‌ಗಳಿಗೂ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳು) ಕೆಲಸ ಕೊಟ್ಟರೆ 110, 120, ಕೆಲವೊಮ್ಮೆ 150 ವ್ಯಾಟ್. ವ್ಯತ್ಯಾಸ 70 ವ್ಯಾಟ್ ಎಂದಿಟ್ಟುಕೊಂಡರೂ ಹಗಲು ರಾತ್ರಿ ಓಡಿದಾಗ ದಿನಕ್ಕೆ 1.68 ಯೂನಿಟ್, ತಿಂಗಳಿಗೆ 50 ಯೂನಿಟ್. ಕೆ.ಎಸ್.ಇ.ಬಿ. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಅದರಲ್ಲಿ 100 ಯೂನಿಟ್ ಹೆಚ್ಚು ಕಾಣುತ್ತದೆ. ಮೊದಲು ರಾತ್ರಿ ಆರಿಸಿಡುತ್ತಿದ್ದ ಕಂಪ್ಯೂಟರನ್ನು ಈಗ ಇದಕ್ಕಾಗಿಯೇ ಉರಿಸಿಟ್ಟರೆ ವ್ಯತ್ಯಾಸವನ್ನಲ್ಲ, ಪೂರ್ತಿ 120 ವ್ಯಾಟನ್ನೇ ಲೆಕ್ಕಕ್ಕೆ ಹಿಡಿಯಬೇಕು. ಗೇಮಿಂಗ್ ಕಾರ್ಡ್ ಇರುವ ಯಂತ್ರವಾದರೆ ಕಾರ್ಡೊಂದೇ 200 ವ್ಯಾಟ್ ತಿನ್ನಬಹುದು, ತಿಂಗಳಿಗೆ 144 ಯೂನಿಟ್. ಲ್ಯಾಪ್‌ಟಾಪ್ ಇದ್ದುದರಲ್ಲಿ ಸೌಮ್ಯ: 30 ವ್ಯಾಟ್ ಹೆಚ್ಚಾದರೆ ತಿಂಗಳಿಗೆ 21ರಿಂದ 22 ಯೂನಿಟ್.

ಕೇರಳದಲ್ಲಿ ಇದಕ್ಕೊಂದು ಮೊನಚು ಇದೆ. ಮನೆಬಳಕೆ ತಿಂಗಳಿಗೆ 250 ಯೂನಿಟ್‌ವರೆಗೆ ಹಂತ ಹಂತವಾಗಿ ದರ ಹಾಕುತ್ತಾರೆ: ಮೊದಲ 50ಕ್ಕೆ ಕಡಿಮೆ, ಮುಂದಿನ 50ಕ್ಕೆ ಸ್ವಲ್ಪ ಹೆಚ್ಚು, ಹೀಗೆ. 250 ದಾಟಿದ ಕೂಡಲೇ ಆ ಹಂತಗಳು ಮಾಯವಾಗಿ ಮೊದಲ ಯೂನಿಟ್‌ನಿಂದಲೇ ಒಂದೇ ದರ ಬೀಳುತ್ತದೆ. ಸ್ಲ್ಯಾಬ್ ಏರಿದಂತೆ ಸ್ಥಿರ ಶುಲ್ಕವೂ ಏರುತ್ತದೆ. ಫ್ರಿಜ್, ಗ್ರೈಂಡರ್, ಬಾವಿಯ ಪಂಪು ಸೇರಿ ತಿಂಗಳಿಗೆ 220 ಯೂನಿಟ್ ಬಳಸುವ ಮನೆ ನಮ್ಮಲ್ಲಿ ಸಾಮಾನ್ಯ. ಅದಕ್ಕೆ ನಿಮ್ಮ 50 ಯೂನಿಟ್ ಸೇರಿದರೆ 270. ಹೆಚ್ಚಾಗುವುದು 50 ಯೂನಿಟ್‌ನ ಹಣ ಮಾತ್ರವಲ್ಲ, ಉಳಿದ 220ರ ದರವೂ ಬದಲಾಗುತ್ತದೆ. ಬಿಲ್ಲು ನೋಡಿ ಮೀಟರ್ ಕೆಟ್ಟಿದೆಯೆಂದು ಸೆಕ್ಷನ್ ಆಫೀಸಿಗೆ ಅಲೆದ ಮನೆಯವರಿದ್ದಾರೆ. ಮೀಟರ್ ಸರಿಯಾಗಿಯೇ ಇತ್ತು.

ಯಾರ ಮಾತನ್ನೂ ನಂಬದೆ ಅಳೆಯುವ ದಾರಿಯಿದೆ. ಪ್ಲಗ್ ಮತ್ತು ಸಾಕೆಟ್ ನಡುವೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ಸಿಗುತ್ತದೆ, ಒಂದು ಸಂಘಕ್ಕೆ ಒಂದಿದ್ದರೆ ಸಾಕು. ಅದೂ ಇಲ್ಲವೆಂದರೆ ಮನೆಯ ಮೀಟರೇ ಇದೆ. ಅದರ ಮೇಲೆ ಒಂದು ಯೂನಿಟ್‌ಗೆ ಎಷ್ಟು ಪಲ್ಸ್ ಎಂಬ ಸಂಖ್ಯೆ ಅಚ್ಚಾಗಿರುತ್ತದೆ, 1600 ಅಥವಾ 3200 ಎಂದೋ ಬೇರೆ ಏನಾದರೂ. ಒಂದು ಕೆಂಪು ದೀಪ ಮಿಟುಕುತ್ತಿರುತ್ತದೆ. ಮನೆಯ ಉಳಿದೆಲ್ಲವನ್ನೂ ಆರಿಸಿ (ಫ್ರಿಜ್ ಮತ್ತು ಇನ್ವರ್ಟರ್ ಮರೆಯಬೇಡಿ, ಇನ್ವರ್ಟರ್ ಚಾರ್ಜ್ ಎಳೆಯುತ್ತಿದ್ದರೆ ಲೆಕ್ಕ ಕೆಡುತ್ತದೆ), ಕಂಪ್ಯೂಟರ್ ಮಾತ್ರ ಓಡುವಾಗ ಒಂದು ನಿಮಿಷದ ಮಿಟುಕು ಎಣಿಸಿ. 3200ರ ಮೀಟರಿನಲ್ಲಿ ನಿಮಿಷಕ್ಕೆ 8 ಮಿಟುಕು ಬಂದರೆ 8ನ್ನು 3200ರಿಂದ ಭಾಗಿಸಿ 60ರಿಂದ ಗುಣಿಸಿ: 0.15 ಕಿಲೋವ್ಯಾಟ್, ಅಂದರೆ 150 ವ್ಯಾಟ್. ಬೋಯಿಂಕ್ ನಿಲ್ಲಿಸಿ ಇನ್ನೊಮ್ಮೆ ಎಣಿಸಿ. ಒಂದೇ ನಿಮಿಷದಲ್ಲಿ ಲೆಕ್ಕ ಒರಟಾಗಿ ಬರುತ್ತದೆ, ಐದು ನಿಮಿಷ ಎಣಿಸಿದರೆ ನಂಬಬಹುದು. ಕ್ರೆಡಿಟ್ ಪಟ್ಟಿಗಿಂತ ಈ ಎಣಿಕೆಯೇ ಒಳ್ಳೆಯ ಪ್ರಾಯೋಗಿಕ ಪಾಠ ಎಂದು ನಮ್ಮ ಅಭಿಪ್ರಾಯ.

ಮನೆಯ ಮೇಲೆ ಸೋಲಾರ್ ಇದೆ, ಹಾಗಾಗಿ ಉಚಿತ ಎನ್ನುವವರೂ ಇದ್ದಾರೆ. ನೆಟ್ ಮೀಟರಿಂಗ್ ಇರುವ ಮನೆಯಲ್ಲಿ ನೀವು ಬಳಸದ ಯೂನಿಟ್ ಗ್ರಿಡ್ಡಿಗೆ ಹೋಗಿ ನಿಮ್ಮ ಖಾತೆಗೆ ಜಮೆಯಾಗುತ್ತದೆ. ಅದನ್ನು ಇಲ್ಲಿ ಖರ್ಚು ಮಾಡಿದರೆ ಅಲ್ಲಿ ಜಮೆಯಿಲ್ಲ.

ಇನ್ವರ್ಟರ್ ವಿಷಯ ಯಾವ ಕರಪತ್ರದಲ್ಲೂ ಇಲ್ಲ, ಆದರೆ ನಮ್ಮ ಊರುಗಳಲ್ಲಿ ಹೆಚ್ಚು ಕಿರಿಕಿರಿ ಕೊಟ್ಟದ್ದು ಅದೇ. ಬೋಯಿಂಕ್‌ನಲ್ಲಿ ‘ಬ್ಯಾಟರಿಯಲ್ಲಿರುವಾಗ ನಿಲ್ಲಿಸು’ ಎಂಬ ಆಯ್ಕೆಯಿದೆ. ವಿದ್ಯಾರ್ಥಿಗಳು ಅದನ್ನು ಗುರುತು ಮಾಡಿ ನಿಶ್ಚಿಂತರಾಗುತ್ತಾರೆ. ಆದರೆ ಆ ಆಯ್ಕೆಗೆ ತಿಳಿಯುವುದು ಕಂಪ್ಯೂಟರಿನ ಸ್ವಂತ ಬ್ಯಾಟರಿ ಮಾತ್ರ. ಕರೆಂಟು ಹೋಗಿ ಮನೆ ಇನ್ವರ್ಟರಿಗೆ ತಿರುಗಿದರೆ ಸಾಕೆಟ್‌ನಲ್ಲಿ ಎಂದಿನಂತೆ ಕರೆಂಟು ಬರುತ್ತಲೇ ಇರುತ್ತದೆ, ಕಂಪ್ಯೂಟರಿಗೆ ಏನೂ ಗೊತ್ತಾಗುವುದಿಲ್ಲ, ಲೆಕ್ಕ ಮುಂದುವರಿಯುತ್ತದೆ. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್ ಇರುತ್ತದೆ, ಬಳಕೆಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಇನ್ವರ್ಟರಿನ ನಷ್ಟವೂ ಸೇರಿ 150 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ಅದನ್ನು ರಾತ್ರಿ ಕಳೆಯುವ ಮೊದಲೇ ಬರಿದು ಮಾಡುತ್ತದೆ. ಜೂನ್, ಜುಲೈಯಲ್ಲಿ ಮರ ಬಿದ್ದು ಲೈನ್ ಹೋದ ರಾತ್ರಿ ಮನೆಯ ಹಿರಿಯರಿಗೆ ಫ್ಯಾನೂ ಇಲ್ಲ, ದೀಪವೂ ಇಲ್ಲ. ಪರಿಹಾರ ಸರಳ: ಕಂಪ್ಯೂಟರಿನ ಪ್ಲಗ್ ಇನ್ವರ್ಟರ್ ಇಲ್ಲದ ನೇರ ಸಾಕೆಟ್‌ಗೆ ಹಾಕಬೇಕು. ಲ್ಯಾಪ್‌ಟಾಪ್ ಆದರೆ ಆಗ ಅದು ತನ್ನ ಬ್ಯಾಟರಿಗೆ ಬೀಳುತ್ತದೆ, ಬೋಯಿಂಕ್ ತಾನೇ ನಿಲ್ಲುತ್ತದೆ. ಡೆಸ್ಕ್‌ಟಾಪ್ ಆದರೆ ಯು.ಎಸ್.ಬಿ. ತಂತಿಯಿಂದ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ಯು.ಪಿ.ಎಸ್. ಬೇಕು. ಅದಿಲ್ಲದಿದ್ದರೆ ಮಳೆಗಾಲದಲ್ಲಿ ಈ ಕೆಲಸವೇ ಬೇಡ.

ಸಿಡಿಲಿನ ಬಗ್ಗೆ ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್, ಮೇ ಸಂಜೆಗಳಲ್ಲಿ ಮತ್ತು ತುಲಾ ಮಾಸದ ಮಳೆಯಲ್ಲಿ ಗುಡುಗು ಕೇಳಿದ ಕೂಡಲೇ ಮನೆಯವರು ಮೈನ್ ಸ್ವಿಚ್ಚನ್ನೇ ಇಳಿಸುತ್ತಾರೆ. ಇಳಿಸಬೇಕಾದ್ದೇ. ‘ಕಂಪ್ಯೂಟರ್ 24 ಗಂಟೆ ಬಿಡಿ’ ಎಂದು ಸೂಚಿಸಿದವರು ಆ ಮನೆಗಳ ಅಭ್ಯಾಸವನ್ನು ಯೋಚಿಸಲಿಲ್ಲ. ಹಠಾತ್ತಾಗಿ ಕರೆಂಟು ಹೋದಾಗ ಸಾಮಾನ್ಯ ಕೆಲಸಗಳು ಕೊನೆಯ ಚೆಕ್‌ಪಾಯಿಂಟ್‌ನಿಂದ, ಅಂದರೆ ಲೆಕ್ಕ ಉಳಿಸಿಟ್ಟ ಹಂತದಿಂದ, ಮುಂದುವರಿಯುತ್ತವೆ, ನಷ್ಟ ಕೆಲವು ನಿಮಿಷ. ಆದರೆ ಆಕ್ಸ್‌ಫರ್ಡಿನ ಕ್ಲೈಮೇಟ್‌ಪ್ರೆಡಿಕ್ಷನ್ ಯೋಜನೆಯ ಹವಾಮಾನ ಮಾದರಿಗಳು ದಿನಗಟ್ಟಲೆ ಓಡುವಂಥವು, ಹೀಗೆ ಕಡಿದರೆ ಮಾದರಿಯೇ ಕುಸಿದು ಅಷ್ಟು ದಿನದ ಲೆಕ್ಕ ವ್ಯರ್ಥವಾಗಬಹುದು. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಎಲ್.ಎಚ್.ಸಿ. ಅಟ್ ಹೋಮ್‌ನಲ್ಲಿ ಅಟ್ಲಾಸ್ ಎಂಬ ಪ್ರಯೋಗದ ಕೆಲಸಗಳಿಗೆ ವಿಂಡೋಸ್ ಯಂತ್ರದಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ಓಡುವ ತಂತ್ರಾಂಶ) ಬೇಕು, ಹಲವು ಜಿ.ಬಿ. ಮೆಮೊರಿ ಬೇಕು, ಡೌನ್‌ಲೋಡೂ ದೊಡ್ಡದು. ದಿನಕ್ಕೆ 1.5 ಜಿ.ಬಿ. ಸಿಗುವ ಮೊಬೈಲ್ ಹಾಟ್‌ಸ್ಪಾಟ್ ನಂಬಿದ ಮನೆಗೆ ಇದು ಹೇಳಿದ್ದಲ್ಲ. ಇಂಥ ಮನೆಗಳಲ್ಲಿ ಬೋಯಿಂಕ್‌ನ ನೆಟ್‌ವರ್ಕ್ ಪುಟಕ್ಕೆ ಹೋಗಿ ಇಷ್ಟು ದಿನಕ್ಕೆ ಇಷ್ಟೇ ಎಂ.ಬಿ. ಎಂದು ಮಿತಿ ಹಾಕಲೇಬೇಕು.

ಬಿಸಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಹಾಳಾದ ಯಂತ್ರಗಳೆಲ್ಲ ಇದರಿಂದಲೇ ಹಾಳಾದವು. ಲ್ಯಾಪ್‌ಟಾಪಿನ ತಂಪು ವ್ಯವಸ್ಥೆ ಹಗಲಿಡೀ ಪೂರ್ತಿ ಹೊರೆ ಹೊರಲು ಮಾಡಿದ್ದಲ್ಲ. ನಮ್ಮಲ್ಲಿ ಗಾಳಿಯೇ ಬೆಚ್ಚಗೆ, ತೇವ ಬೇರೆ, ಕಡಲ ಬದಿಯಾದರೆ ಉಪ್ಪು, ಒಳನಾಡಾದರೆ ಅಂಗಳದಲ್ಲಿ ಅಡಿಕೆ ಸುಲಿಯುವ ಕಾಲದ ದೂಳು. ಮಂಚದ ಮೇಲೆ ಹಾಸಿಗೆಯಲ್ಲಿಟ್ಟರೆ ಗಾಳಿ ಒಳಹೋಗುವ ಕಂಡಿಯೇ ಮುಚ್ಚುತ್ತದೆ. ಪ್ರೊಸೆಸರ್ 95 ಡಿಗ್ರಿ ಆಸುಪಾಸಿಗೆ ಹೋಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಫ್ಯಾನು ಕಿರುಚುತ್ತದೆ, ಕೆಲಸವೂ ನಿಧಾನ. ಸದಾ 100 ಶೇಕಡಾ ಚಾರ್ಜಿನಲ್ಲಿ, ಅದೂ ಬಿಸಿಯಲ್ಲಿ ಕೂತ ಬ್ಯಾಟರಿ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೆದ್ದ ಲ್ಯಾಪ್‌ಟಾಪ್ ಕಂಡರೆ ಕೂಡಲೇ ಚಾರ್ಜರ್ ತೆಗೆದು ಆರಿಸಿ, ರಿಪೇರಿಯವರಿಗೆ ಒಪ್ಪಿಸಬೇಕು. ಅದನ್ನು ಒತ್ತಿ ಕೂರಿಸಬಾರದು.

ಬೋಯಿಂಕ್‌ನಲ್ಲಿ ಹೊರೆ ಇಳಿಸಲು ಎರಡು ಅಂಕಿಗಳಿವೆ. ಒಂದು, ಎಷ್ಟು ಶೇಕಡಾ ಕೋರ್‌ಗಳು. ಇನ್ನೊಂದು, ಎಷ್ಟು ಶೇಕಡಾ ಸಮಯ. ಹೆಚ್ಚಿನವರು ಎರಡನೆಯದನ್ನು 50 ಮಾಡುತ್ತಾರೆ. ಆಗ ತಂತ್ರಾಂಶ ಕ್ಷಣ ಓಡಿ ಕ್ಷಣ ನಿಂತು ಮತ್ತೆ ಓಡುತ್ತದೆ, ಬಿಸಿ ಏರಿ ಇಳಿದು ಏರುತ್ತದೆ. ಸಮಯವನ್ನು 100ರಲ್ಲೇ ಬಿಟ್ಟು ಕೋರ್‌ಗಳನ್ನು 50 ಮಾಡಿ. ಒಟ್ಟಿಗೆ 8 ಕೆಲಸ (8 ಥ್ರೆಡ್) ಓಡುವಲ್ಲಿ 4 ಮಾತ್ರ ಓಡುತ್ತವೆ, ಬಿಸಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಕಾಣುವ ಯಂತ್ರವಾದರೆ ಅದನ್ನು 99 ಮಾಡಿದರೆ ಟರ್ಬೊ, ಅಂದರೆ ಪ್ರೊಸೆಸರ್ ತಾನಾಗಿ ಏರಿಸಿಕೊಳ್ಳುವ ಹೆಚ್ಚುವರಿ ವೇಗ, ನಿಲ್ಲುತ್ತದೆ. ವೇಗ ಸ್ವಲ್ಪ ತಗ್ಗುತ್ತದೆ, ಬಿಸಿ ಬಹಳ ತಗ್ಗುತ್ತದೆ. ಬ್ಯಾಟರಿ ಚಾರ್ಜನ್ನು 60ಕ್ಕೋ 80ಕ್ಕೋ ನಿಲ್ಲಿಸುವ ಸೌಲಭ್ಯವಿದ್ದರೆ ಬಳಸಿ. ‘ಕಂಪ್ಯೂಟರ್ ಬಳಕೆಯಲ್ಲಿರುವಾಗ ನಿಲ್ಲಿಸು’ ಎಂಬುದನ್ನು ಗುರುತು ಮಾಡಿ. ಇಷ್ಟಾದ ಮೇಲೂ 85 ಡಿಗ್ರಿ ಮೀರುತ್ತಿದ್ದರೆ ಆ ಯಂತ್ರ ದಾನಕ್ಕೆ ತಕ್ಕದ್ದಲ್ಲ, ಬಿಟ್ಟುಬಿಡಿ. ಫೋನುಗಳನ್ನಂತೂ ಕೇಳಲೇಬೇಡಿ. ಆಂಡ್ರಾಯ್ಡ್‌ಗೂ ಬೋಯಿಂಕ್ ಬಂದಿದೆ ನಿಜ, ಚಾರ್ಜಿಗಿಟ್ಟಾಗ ಮಾತ್ರ ಓಡುತ್ತದೆ, ಬ್ಯಾಟರಿ 40 ಡಿಗ್ರಿ ಮೀರಿದರೆ ನಿಲ್ಲುತ್ತದೆ. ನಮ್ಮ ಮಾರ್ಚ್, ಏಪ್ರಿಲ್‌ನಲ್ಲಿ ಫೋನ್ ಏನೂ ಮಾಡದೆಯೇ ಅದರ ಹತ್ತಿರ ಹೋಗಿರುತ್ತದೆ.

ಇನ್ನೊಂದು ತಪ್ಪು ಕಲ್ಪನೆ ಹಳೆಯ ಯಂತ್ರಗಳದ್ದು. ಅಟ್ಟದಲ್ಲಿದ್ದ ಹದಿನೈದು ವರ್ಷ ಹಿಂದಿನ ಡೆಸ್ಕ್‌ಟಾಪನ್ನು ಇಳಿಸಿ ‘ಇದಕ್ಕೂ ಮರುಜನ್ಮ’ ಎಂದು ಫೋಟೊ ತೆಗೆಸಿಕೊಂಡವರಿದ್ದಾರೆ. ಹಳೆಯದು 90 ವ್ಯಾಟ್ ಎಳೆದು ಒಂದು ಕೆಲಸಕ್ಕೆ 20 ಗಂಟೆ ತೆಗೆದುಕೊಂಡಿತು ಎಂದಿಟ್ಟುಕೊಳ್ಳಿ, 1.8 ಯೂನಿಟ್ ಆಯಿತು. ಹೊಸ ಯಂತ್ರ 60 ವ್ಯಾಟಿನಲ್ಲಿ 6 ಕೆಲಸಗಳನ್ನು ಒಟ್ಟಿಗೆ 5 ಗಂಟೆಯಲ್ಲಿ ಮುಗಿಸಿದರೆ ಒಂದಕ್ಕೆ ಬಿದ್ದದ್ದು 0.05 ಯೂನಿಟ್. ಅದೇ ವಿಜ್ಞಾನಕ್ಕೆ 36 ಪಟ್ಟು ಕರೆಂಟು. ಅಂಥ ಯಂತ್ರ ವಿದ್ಯಾರ್ಥಿಗಳು ಬಿಚ್ಚಿ ಜೋಡಿಸಿ ಕಲಿಯಲು ಬಹಳ ಒಳ್ಳೆಯದು, ಲೆಕ್ಕ ಮಾಡಲು ಬೇಡ.

ಈಗ ಅಂಕಗಳ ವಿಷಯಕ್ಕೆ ಬರುತ್ತೇವೆ. ಇದು ನಿಮ್ಮ ಕೈಯಲ್ಲೇ ಇರುವುದರಿಂದ ನಮ್ಮ ದೂರಿನ ಭಾರವೂ ಇಲ್ಲೇ. ಬೋಯಿಂಕ್‌ನ ಕ್ರೆಡಿಟ್ ಲೆಕ್ಕದ ಪ್ರಮಾಣವನ್ನು ಸೂಚಿಸುತ್ತದೆ: ಸೆಕೆಂಡಿಗೆ 100 ಕೋಟಿ ಲೆಕ್ಕ ಮಾಡುವ ಯಂತ್ರ ಒಂದು ದಿನ ಪೂರ್ತಿ ದುಡಿದರೆ 200 ಕ್ರೆಡಿಟ್. ಅದಕ್ಕೆ ಹಣದ ಬೆಲೆಯಿಲ್ಲ, ವಿದ್ಯಾರ್ಥಿಯ ಶ್ರಮಕ್ಕೂ ಅದಕ್ಕೂ ಸಂಬಂಧವಿಲ್ಲ. ಅಣ್ಣನ ಗೇಮಿಂಗ್ ಕಂಪ್ಯೂಟರ್ ಇರುವವನು ಒಂದು ರಾತ್ರಿಯಲ್ಲಿ ಗಳಿಸಿದ್ದನ್ನು ಎಣ್ಮಕಜೆಯ ಒಳಗಿನ ಮನೆಯ ಹಳೆ ಲ್ಯಾಪ್‌ಟಾಪ್ ತಿಂಗಳಾದರೂ ಗಳಿಸದು. ಆ ಕ್ರೆಡಿಟ್‌ಗೆ ಚಟುವಟಿಕೆಯ ಅಂಕ ಕಟ್ಟಿದಾಗ ನೀವು ಅಳೆದದ್ದು ಅಪ್ಪನ ಕಿಸೆಯನ್ನು. ಮನೆಯಲ್ಲಿ ಕಂಪ್ಯೂಟರೇ ಇಲ್ಲದವರು ಪೇಟೆಯ ಒಂದು ಸೇವಾ ಕೇಂದ್ರದ ಯಂತ್ರಕ್ಕೆ ಹೇಳದೆ ಕೇಳದೆ ತಂತ್ರಾಂಶ ಹಾಕಿ ಬಂದದ್ದೂ ನಡೆದಿದೆ. ತಪ್ಪು ಆ ಮಕ್ಕಳದ್ದು ಎಂದು ಕೈತೊಳೆಯುವ ಹಾಗಿಲ್ಲ.

ಅಂಕದ ಆಸೆ ಸಂಶೋಧನೆಗೂ ಪೆಟ್ಟು ಕೊಡುತ್ತದೆ. ಹೇಗೆಂದರೆ, ಮನೆಯ ಕಂಪ್ಯೂಟರನ್ನು ಯಾರೂ ಕಣ್ಣುಮುಚ್ಚಿ ನಂಬುವುದಿಲ್ಲ. ಒಂದೇ ಲೆಕ್ಕವನ್ನು ಇಬ್ಬರು ಗುಮಾಸ್ತರಿಗೆ ಬೇರೆ ಬೇರೆ ಕೊಟ್ಟು ತಾಳೆ ನೋಡುವ ಹಾಗೆ ಅನೇಕ ಯೋಜನೆಗಳು ಒಂದೇ ಕೆಲಸವನ್ನು ಎರಡು ಮನೆಗಳಿಗೆ ಕಳಿಸುತ್ತವೆ. ಉತ್ತರ ಹೊಂದಿದರೆ ಸ್ವೀಕಾರ, ಇಲ್ಲವಾದರೆ ಮೂರನೆಯವರಿಗೆ ಹೋಗುತ್ತದೆ. ಪ್ರತಿ ಕೆಲಸಕ್ಕೂ ಗಡುವಿದೆ. ಐನ್‌ಸ್ಟೈನ್ ಅಟ್ ಹೋಮ್‌ನಲ್ಲಿ ಸಾಮಾನ್ಯವಾಗಿ 14 ದಿನ, ರೊಸೆಟ್ಟಾ ಎಂಬ ಇನ್ನೊಂದು ಯೋಜನೆಯಲ್ಲಿ ಇನ್ನೂ ಕಡಿಮೆ. ನಮ್ಮ ವಿದ್ಯಾರ್ಥಿಗಳು ಮಾಡಿದ್ದೇನು? ಪಟ್ಟಿ ಉದ್ದ ಕಾಣಲೆಂದು ಕೆಲಸದ ದಾಸ್ತಾನನ್ನು 10 ದಿನಕ್ಕೆ ಏರಿಸಿದರು, ಡಜನುಗಟ್ಟಲೆ ಕೆಲಸ ಇಳಿಸಿಕೊಂಡರು, ಸ್ಕ್ರೀನ್‌ಶಾಟ್ ತೆಗೆದ ಮರುದಿನ ತಂತ್ರಾಂಶವನ್ನೇ ಅಳಿಸಿದರು. ಆ ಕೆಲಸಗಳು ಎಲ್ಲಿಗೂ ಮರಳಲಿಲ್ಲ. ಗಡುವು ಮುಗಿಯುವ ತನಕ ಸರ್ವರ್ ಕಾಯುತ್ತದೆ, ಜೋಡಿಯ ಇನ್ನೊಂದು ಮನೆಯವರ ಫಲಿತಾಂಶವೂ ತಾಳೆಗಾಗಿ ಕಾಯುತ್ತ ಕೂತಿರುತ್ತದೆ. ಆಮೇಲೆ ಬೇರೊಬ್ಬರಿಗೆ ಹೊಸದಾಗಿ ಕಳಿಸಬೇಕು. ಸೇರದೇ ಇದ್ದಿದ್ದರೆ ಸಂಶೋಧಕರಿಗೆ ಹೆಚ್ಚು ಉಪಕಾರವಾಗುತ್ತಿತ್ತು. ಬಿಟ್ಟು ಬಿಟ್ಟು ಓಡುವ ಮನೆ ಯಂತ್ರಕ್ಕೆ ದಾಸ್ತಾನು 0.1 ದಿನ, ಹೆಚ್ಚುವರಿ 0.5 ದಿನ ಸಾಕು.

ಪೋಸ್ಟರಿನಲ್ಲಿದ್ದ ಯೋಜನೆಗಳ ಪಟ್ಟಿಯನ್ನೂ ಯಾರೋ ಹಳೆಯ ಕಡತದಿಂದ ಎತ್ತಿದಂತಿದೆ. ಅದರ ತಲೆಯಲ್ಲಿ, ಭೂಮಿಯಾಚೆಯ ಬುದ್ಧಿಜೀವಿಗಳ ಸಂಕೇತ ಹುಡುಕುವ ಸೆಟಿ ಅಟ್ ಹೋಮ್ ಇತ್ತು. 1999ರ ಮೇಯಲ್ಲಿ ಆರಂಭವಾಗಿ ಈ ಇಡೀ ಚಳವಳಿಯನ್ನು ಮನೆಮನೆಗೆ ತಂದದ್ದು ಅದೇ, ಗೌರವ ಇರಲಿ. ಆದರೆ 2020ರ ಮಾರ್ಚ್ 31ರಂದು ಅದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿದೆ. ವರ್ಲ್ಡ್ ಕಮ್ಯೂನಿಟಿ ಗ್ರಿಡ್ಡನ್ನು ಐ.ಬಿ.ಎಂ. ಯೋಜನೆ ಎಂದು ಬರೆದಿದ್ದಾರೆ. 2004ರಲ್ಲಿ ಶುರು ಮಾಡಿದ್ದು ಐ.ಬಿ.ಎಂ. ಹೌದು, 2021ರಲ್ಲಿ ಅದು ಟೊರಾಂಟೋದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಗೆ ವರ್ಗವಾಗಿದೆ. ಪ್ರೋಟೀನು ಲೆಕ್ಕದ ರೊಸೆಟ್ಟಾ ಅಟ್ ಹೋಮ್‌ನ ಹಿಂದಿರುವ ಡೇವಿಡ್ ಬೇಕರ್ 2024ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡವರು, ಹಾಗಾಗಿ ಆ ಹೆಸರಿಗೆ ಎಲ್ಲರೂ ಮುಗಿಬೀಳುತ್ತಾರೆ. ಅಲ್ಲಿ ಎಲ್ಲ ಕಾಲಕ್ಕೂ ಕೆಲಸ ಇರುವುದಿಲ್ಲ, ಇದ್ದಾಗ ಒಂದೊಂದಕ್ಕೆ 1 ಜಿ.ಬಿ.ಗೂ ಮೀರಿ ಮೆಮೊರಿ ಬೇಕಾಗಬಹುದು. 4 ಜಿ.ಬಿ. ಲ್ಯಾಪ್‌ಟಾಪಿನಲ್ಲಿ ನಾಲ್ಕು ಒಟ್ಟಿಗೆ ಓಡಿಸಿದರೆ ಯಂತ್ರ ನಿಂತೇಹೋಗುತ್ತದೆ. ಫೋಲ್ಡಿಂಗ್ ಅಟ್ ಹೋಮ್ ಬೋಯಿಂಕ್‌ನ ಒಳಗಿಲ್ಲ, ಅದರ ತಂತ್ರಾಂಶವೇ ಬೇರೆ. ಬೇಗ ಮರಳಿಸಿದವರಿಗೆ ಅಲ್ಲಿ ಹೆಚ್ಚು ಅಂಕ, ಏಕೆಂದರೆ ಒಂದು ತುಂಡು ಮುಗಿಯದೆ ಅದರ ಮುಂದಿನ ತುಂಡು ಹುಟ್ಟುವುದಿಲ್ಲ. ರಾತ್ರಿ ಎರಡು ಗಂಟೆ ಓಡುವ ಯಂತ್ರಕ್ಕೆ ಅದು ಹೊಂದದು. ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕುವ ಜಿಂಪ್ಸ್ ಬಗ್ಗೆಯೂ ಉತ್ಸಾಹವಿದೆ. 2024ರ ಅಕ್ಟೋಬರಿನಲ್ಲಿ ಸಿಕ್ಕಿದ 4 ಕೋಟಿ 10 ಲಕ್ಷ ಅಂಕಿಗಳ ಸಂಖ್ಯೆಯನ್ನು ಕಂಡುಹಿಡಿದದ್ದು ಬಾಡಿಗೆಗೆ ಪಡೆದ ಕ್ಲೌಡ್ ಜಿಪಿಯುಗಳು (ದೂರದ ಕೇಂದ್ರಗಳ ಗ್ರಾಫಿಕ್ಸ್ ಪ್ರೊಸೆಸರುಗಳು) ಎಂಬುದನ್ನೂ ಜೊತೆಗೇ ಹೇಳಿ. ನಮ್ಮ ಮಟ್ಟಿಗೆ, ನಿಂತು ನಿಂತು ಓಡುವ ಸಾಧಾರಣ ಯಂತ್ರಕ್ಕೆ ಐನ್‌ಸ್ಟೈನ್ ಅಟ್ ಹೋಮ್ ಒಂದೇ ಸಾಕು. ಐದಾರು ಯೋಜನೆಗೆ ಒಟ್ಟಿಗೆ ಸೇರಿಸಬೇಡಿ, ಒಂದರ ಗಡುವು ಇನ್ನೊಂದನ್ನು ತಳ್ಳುತ್ತದೆ.

ಅಡಿಕೆ ತೋಟದ ಮನೆಗಳಲ್ಲಿ ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ: ಎಲೆಚುಕ್ಕಿ ರೋಗಕ್ಕೋ ಹಳದಿ ರೋಗಕ್ಕೋ ಇದರಿಂದ ಮದ್ದು ಸಿಗುತ್ತದಾ? ‘ಹಾಗೇ ಸುಮಾರು’ ಎಂದು ವಿದ್ಯಾರ್ಥಿಗಳು ತಲೆಯಾಡಿಸಿ ಒಪ್ಪಿಗೆ ಪಡೆದಿದ್ದಾರೆ. ಬೋಯಿಂಕ್‌ನ ಯೋಜನೆಗಳಲ್ಲಿ ಅಂಥದ್ದಿಲ್ಲ. ಆ ರೋಗಗಳ ಬಗ್ಗೆ ಕೇಳಬೇಕಾದ್ದು ಇಲ್ಲೇ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯಲ್ಲಿ. ನ್ಯೂಟ್ರಾನ್ ನಕ್ಷತ್ರ ಹುಡುಕುವುದಕ್ಕೆ ಎಂದು ನೇರವಾಗಿ ಹೇಳಿದರೆ ನಮ್ಮ ಅಜ್ಜಂದಿರು ಬೇಡವೆನ್ನುತ್ತಾರೆ ಎಂದು ಏಕೆ ಎಣಿಸುತ್ತೀರಿ? ಕೆಲವರು ಬೇಡವೆನ್ನಬಹುದು, ಅದು ಅವರ ಹಕ್ಕು.

ಸ್ವಂತದ್ದಲ್ಲದ ಯಂತ್ರಗಳ ಬಗ್ಗೆ ಒಂದು ಮಾತು. ಶಾಲೆಯ ಲ್ಯಾಬು, ಪಂಚಾಯತ್ ಕಚೇರಿ, ಗ್ರಂಥಾಲಯ, ಬ್ಯಾಂಕು, ಅಂಗಡಿ, ಹಾಸ್ಟೆಲ್ಲಿನ ಕರೆಂಟು, ಇವು ಯಾವುವೂ ವಿದ್ಯಾರ್ಥಿಯ ದಾನಕ್ಕೆ ಸೇರಿದ್ದಲ್ಲ. ಕೇರಳದ ಶಾಲೆಗಳಲ್ಲಿ ಬಳಸುವ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ ಬೋಯಿಂಕನ್ನು ಅದರದೇ ತಂತ್ರಾಂಶ ಸಂಗ್ರಹದಿಂದ ನಿಮಿಷದಲ್ಲಿ ಹಾಕಬಹುದು, ಆದರೆ ಸುಲಭ ಎಂಬುದು ಅನುಮತಿಯಾಗದು. ಅಮೆರಿಕದ ಜಾರ್ಜಿಯಾ ರಾಜ್ಯದ ತಾಂತ್ರಿಕ ಕಾಲೇಜೊಂದರ ಸಿಬ್ಬಂದಿ ಇಂಥದೇ ತಂತ್ರಾಂಶವನ್ನು ಕಾಲೇಜಿನ ಯಂತ್ರಗಳಿಗೆ ಕೇಳದೆ ಹಾಕಿದ್ದಕ್ಕೆ ಕ್ರಿಮಿನಲ್ ಮೊಕದ್ದಮೆ ಎದುರಿಸಿ, 2002ರಲ್ಲಿ ದಂಡ ಕಟ್ಟಿ ರಾಜಿಯಾಗಬೇಕಾಯಿತು. ನಮ್ಮ ಮಕ್ಕಳನ್ನು ಆ ದಾರಿಗೆ ತಳ್ಳಬೇಡಿ. ಲ್ಯಾಬಿನಲ್ಲಿ ಓಡಿಸಲೇಬೇಕೆಂದಿದ್ದರೆ ಸಂಸ್ಥೆಯ ಮುಖ್ಯಸ್ಥರ ಲಿಖಿತ ಅನುಮತಿ, ಯಂತ್ರಗಳ ಪಟ್ಟಿ, ದಿನದ ಇಂತಿಷ್ಟು ಗಂಟೆ ಎಂಬ ಮಿತಿ, ತಿಂಗಳ ಯೂನಿಟ್ ಅಂದಾಜು, ಇವೆಲ್ಲ ಬರಹದಲ್ಲಿರಲಿ.

ನಾವು ಕೇಳುವುದಿಷ್ಟು. ಕ್ರೆಡಿಟ್‌ಗೆ ಅಂಕ ಕೊಡುವುದನ್ನು ಈ ಸೆಮಿಸ್ಟರಿನಿಂದಲೇ ನಿಲ್ಲಿಸಿ. ಅಂಕ ಕೊಡಲೇಬೇಕೆಂದರೆ ಅಳತೆಗೆ ಕೊಡಿ: ಬೋಯಿಂಕ್ ಇದ್ದಾಗ ಮತ್ತು ಇಲ್ಲದಾಗ ಎಷ್ಟು ವ್ಯಾಟ್, ಎಷ್ಟು ಡಿಗ್ರಿ, ಒಂದು ಕೆಲಸಕ್ಕೆ ಎಷ್ಟು ಯೂನಿಟ್ ಬಿತ್ತು ಎಂಬ ಒಂದು ಪುಟದ ವರದಿ. ಕಂಪ್ಯೂಟರಿಲ್ಲದ ವಿದ್ಯಾರ್ಥಿ ಇದನ್ನು ಲ್ಯಾಬಿನ ಒಂದು ಯಂತ್ರದ ಮೇಲೆ ಅಷ್ಟೇ ಚೆನ್ನಾಗಿ ಮಾಡಬಲ್ಲ. ಪೋಸ್ಟರಿನಿಂದ ‘ಕಾಸಿನ ಖರ್ಚಿಲ್ಲ’ ಎಂಬ ಸಾಲನ್ನು ತೆಗೆಯಿರಿ.

ಮನೆಯ ಯಂತ್ರವಾದರೆ ಬಿಲ್ಲು ಕಟ್ಟುವವರ ಸಹಿ ಪಡೆಯಿರಿ. ಆ ಒಪ್ಪಿಗೆ ಪತ್ರ ಅವರು ಓದುವ ಭಾಷೆಯಲ್ಲಿರಲಿ. ಈಗ ಹಂಚಿದ ಹಾಳೆ ಇಂಗ್ಲಿಷಿನಲ್ಲಿತ್ತು, ಒಂದೆಡೆ ಮಲಯಾಳದಲ್ಲಿತ್ತು. ಕುಂಬಳೆಯಿಂದ ಉತ್ತರಕ್ಕೂ ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ, ಬಾಯಾರು ಕಡೆಗೂ ಮನೆಮಾತು ತುಳುವೋ ಹವ್ಯಕವೋ ಮರಾಠಿಯೋ ಇರಬಹುದು, ಹಿರಿಯರು ಶಾಲೆಯಲ್ಲಿ ಕಲಿತು ಓದುವುದು ಕನ್ನಡ. ಭಾಷಾ ಅಲ್ಪಸಂಖ್ಯಾತರ ಜಿಲ್ಲೆಯಲ್ಲಿ ಸರಕಾರಿ ಕಾಗದ ಕನ್ನಡದಲ್ಲಿ ಬರಲಿ ಎಂದು ಹೋರಾಡುವ ನಾವೇ, ನಮ್ಮ ಸಂಘದ ಕಾಗದವನ್ನು ಕನ್ನಡದಲ್ಲಿ ಅಚ್ಚು ಹಾಕದಿದ್ದರೆ ಹೇಗೆ? ಪತ್ರದಲ್ಲಿ ಯೋಜನೆಯ ಹೆಸರು, ಅದು ಏನನ್ನು ಹುಡುಕುತ್ತದೆ, ಆ ಯಂತ್ರದಲ್ಲಿ ಅಳೆದ ವ್ಯಾಟ್, ಎರಡು ತಿಂಗಳ ಬಿಲ್ಲಿಗೆ ಸೇರುವ ಯೂನಿಟ್, ಮನೆಯ ಈಗಿನ ಬಳಕೆ 250ರ ಗೆರೆಗೆ ಎಷ್ಟು ಹತ್ತಿರವಿದೆ ಎಂಬುದು, ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂಬ ಮಾತು, ಇಷ್ಟಿರಲಿ. ಗೆರೆಯ ಹತ್ತಿರ ಇರುವ ಮನೆಯನ್ನು ಕೇಳಲೇಬೇಡಿ.

ಕಾಲವನ್ನೂ ನೋಡಿ ಆರಿಸಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿ ತಂಪು, ಸಿಡಿಲಿಲ್ಲ, ಲೈನ್ ಹೋಗುವುದೂ ಕಡಿಮೆ. ಬೋಯಿಂಕ್‌ನ ದಿನಚರಿ ಪುಟದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6 ಎಂದು ಹಾಕಿದರೆ 70 ವ್ಯಾಟಿನ ಲೆಕ್ಕದಲ್ಲಿ ತಿಂಗಳಿಗೆ 17 ಯೂನಿಟ್ ಆಗುತ್ತದೆ. ಆ ಹೊತ್ತಿಗೆ ಮೊದಲು ಆರಿಸಿಡುತ್ತಿದ್ದ ಯಂತ್ರವಾದರೆ 29.

ಈಗಾಗಲೇ ಓಡುತ್ತಿರುವ ಮನೆಗಳಿಗೆ ನಿಲ್ಲಿಸುವ ಕ್ರಮವನ್ನು ದಯವಿಟ್ಟು ಈ ವಾರವೇ ತಿಳಿಸಿ. ಪ್ರಾಜೆಕ್ಟ್ ಪುಟದಲ್ಲಿ ಮೊದಲು ‘ನೋ ನ್ಯೂ ಟಾಸ್ಕ್ಸ್’ ಒತ್ತಬೇಕು. ಶುರುವಾದ ಕೆಲಸಗಳು ಮುಗಿದು ಅಪ್‌ಲೋಡ್ ಆಗಲಿ. ಶುರುವಾಗದೆ ಉಳಿದದ್ದನ್ನು ‘ಅಬಾರ್ಟ್’ ಮಾಡಿ, ಆಮೇಲೆ ‘ಅಪ್‌ಡೇಟ್’ ಒತ್ತಿದರೆ ಸರ್ವರಿಗೆ ಸುದ್ದಿ ಮುಟ್ಟಿ ಅವು ಕೂಡಲೇ ಬೇರೆಯವರಿಗೆ ಹೋಗುತ್ತವೆ. ಪಟ್ಟಿ ಖಾಲಿಯಾದ ಮೇಲೆ ‘ರಿಮೂವ್’, ಕೊನೆಗೆ ತಂತ್ರಾಂಶವನ್ನು ಅಳಿಸುವುದು. ಅಂಗಡಿ, ಕೇಂದ್ರಗಳ ಯಂತ್ರಕ್ಕೆ ಹಾಕಿದವರು ಯಜಮಾನರಿಗೆ ಹೇಳಿ, ಅವರ ಎದುರಲ್ಲೇ ಇದನ್ನು ಮಾಡಲಿ. ಶಿಕ್ಷೆಯ ಭಯ ಹಾಕಿದರೆ ಯಾರೂ ಬಾಯಿಬಿಡುವುದಿಲ್ಲ, ಆದ್ದರಿಂದ ಹಾಗೆ ಹೇಳಿದ ಮಕ್ಕಳ ಮೇಲೆ ಕ್ರಮವಿಲ್ಲ ಎಂದು ಪ್ರಾಂಶುಪಾಲರು ಮೊದಲೇ ತಿಳಿಸಬೇಕೆಂದು ಕೋರುತ್ತೇವೆ.

ಒಪ್ಪಿಗೆ ಪತ್ರದ ಕನ್ನಡ ಕರಡನ್ನು, ಬೋಯಿಂಕ್‌ನ ಗುಂಡಿಗಳ ಅರ್ಥವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ನಾವು ತಯಾರಿಸಿದ್ದೇವೆ. ಕೇಳಿದ ಸಂಘಕ್ಕೆ ಕೊಡುತ್ತೇವೆ, ತಿದ್ದುವುದಿದ್ದರೆ ತಿದ್ದಿಕೊಳ್ಳಿ. ಅಳತೆಯ ಪಾಠಕ್ಕೆ ಕರೆದರೆ ಬರುತ್ತೇವೆ, ವ್ಯಾಟ್ ಮೀಟರ್ ನಾವೇ ತರುತ್ತೇವೆ. ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಮತ್ತು ಇನ್ವರ್ಟರ್ ಇಲ್ಲದ ಒಂದು ಸಾಕೆಟ್ ಸಿದ್ಧವಿಟ್ಟಿರಿ.

ಇತಿ ವಿಶ್ವಾಸಿಗಳು,
ಕುಂಬಳೆ, ಬದಿಯಡ್ಕ, ಪೆರ್ಲ ಪರಿಸರದ ಮನೆ ಕಂಪ್ಯೂಟರ್ ದಾನಿಗಳು